ಗುಡ್ಡದ ದಾರಿಗೆ ಗಾಡಿ ತೆಗೆಯುವ ಮುನ್ನ ಕಾಲ ನೋಡಿ

(ಓದಿ – ತಿಳಿಯಿರಿ – ಬರೆಯಿರಿ)



ಸಂಜೆ ನಮ್ಮ ಕೇಂದ್ರದಲ್ಲಿ ಪಾಠ ಮುಗಿದಿತ್ತು. ಹಲಗೆ ಒರೆಸುತ್ತಿದ್ದೆ. ಆಗ ಒಬ್ಬ ಅಕ್ಕ ಕೇಳಿದರು.

"ಸರ್, ಮಗ ಹೊಸ ಗಾಡಿ ತಗೊಂಡಾನ. ಶ್ರೀಶೈಲಕ್ಕ ಹೋಗಿ ಮಲ್ಲಯ್ಯನ ದರ್ಶನ ಮಾಡಿ ಬರೋಣ ಅಂತಾನ. ಯಾವಾಗ ಹೋದರ ಛಲೋ?"

ಕೂತವರು ಒಬ್ಬೊಬ್ಬರು ಒಂದೊಂದು ಹೇಳಿದರು.

"ಯುಗಾದಿಗೆ ಹೋಗ್ರಿ. ನಮ್ಮ ಮಂದಿ ಹೋಗೋದೇ ಆವಾಗ."

"ಬ್ಯಾಡ, ಬಿಸಲು ಭಾಳ. ಶ್ರಾವಣದಾಗ ಹೋಗ್ರಿ. ಗುಡ್ಡ ಹಸರ ಇರ್ತದ."

"ಶಿವರಾತ್ರಿ ಬಿಟ್ಟು ಮತ್ಯಾವಾಗ ಹೋಗ್ತೀರಿ?"

"ಹೊಲದ ಕೆಲಸ ಮುಗಿದಾಗ ಹೋಗೋದು. ಅದಕ್ಕ ಕಾಲ ಏನು, ಮುಹೂರ್ತ ಏನು?"

ನಾಲ್ಕು ಮಾತಿನಲ್ಲಿಯೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ದೇವರು ವರ್ಷಪೂರ್ತಿ ಗುಡಿಯಲ್ಲಿ ಇರುತ್ತಾನೆ. ದಾರಿ ವರ್ಷಪೂರ್ತಿ ಒಂದೇ ತರಹ ಇರುವುದಿಲ್ಲ. ಅದಕ್ಕೇ ಈ ಪಾಠ.

1. ದಾರಿ ಹೇಗಿದೆ?

ಶ್ರೀಶೈಲ ನಮಗೆ ಹೊಸ ಊರು ಅಲ್ಲ. 12ನೇ ಶತಮಾನದಲ್ಲಿ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದಳು. ಆ ಕಲ್ಯಾಣ ಅಂದರೆ ನಮ್ಮ ಪಕ್ಕದ ಬೀದರ ಜಿಲ್ಲೆಯ ಬಸವಕಲ್ಯಾಣ. ಇಂದಿಗೂ ಯುಗಾದಿ ಬಂದರೆ ಕರ್ನಾಟಕದಿಂದ ಸಾವಿರಾರು ಜನ ನಡೆದು ಹೋಗುತ್ತಾರೆ. ಭ್ರಮರಾಂಬೆ ನಮ್ಮ ಮನೆಯ ಮಗಳು ಎಂದು ಹಿರಿಯರು ಹೇಳುತ್ತಾರೆ. ಮಗಳಿಗೆ ಸೀರೆ, ಅರಿಶಿನ, ಕುಂಕುಮ ಒಯ್ಯುತ್ತಾರೆ.

ಶ್ರೀಶೈಲ ಈಗ ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿದೆ. ಜಹೀರಾಬಾದಿನಿಂದ ಹೈದರಾಬಾದ್ ಮೇಲೆ ಹೋದರೆ ಸುಮಾರು 320 ಕಿಲೋಮೀಟರ್ ಆಗುತ್ತದೆ. ನಾರಾಯಣಖೇಡಿನವರಿಗೆ ಇನ್ನೂ ಸ್ವಲ್ಪ ಹೆಚ್ಚು. ತಾಂಡೂರಿನವರು ಪರಗಿ, ಶಾದ್‌ನಗರದ ಕಡೆಯಿಂದ ಹೈದರಾಬಾದ್ ಊರೊಳಗೆ ಹೋಗದೆಯೂ ಶ್ರೀಶೈಲದ ಹೆದ್ದಾರಿ ಸೇರಬಹುದು.

ಒಂದು ಮಾತು ನೆನಪಿಡಿ. ಹೈದರಾಬಾದಿನ ಹೊರವರ್ತುಲ ರಸ್ತೆಯ ಮೇಲೆ ಬೈಕಿಗೆ ಪ್ರವೇಶ ಇಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿಯೇ ಹೋಗಬೇಕು.

ಹೈದರಾಬಾದ್ ದಾಟಿದ ಮೇಲೆ ಮನ್ನನೂರಿನ ತನಕ ದಾರಿ ಬಯಲು. ಮನ್ನನೂರಿನಲ್ಲಿ ಅರಣ್ಯ ಇಲಾಖೆಯ ಗೇಟು ಇದೆ. ಅಲ್ಲಿಂದ ನಲ್ಲಮಲ ಕಾಡು ಆರಂಭ. ಇದು ಅಮ್ರಾಬಾದ್ ಹುಲಿ ಸಂರಕ್ಷಿತ ಪ್ರದೇಶ. ಸುಮಾರು 70 ಕಿಲೋಮೀಟರ್ ಕಾಡು ಮತ್ತು ಘಟ್ಟ. ದಾರಿ ಏರುತ್ತದೆ, ಇಳಿಯುತ್ತದೆ, ತಿರುಗುತ್ತದೆ. ಕೊನೆಗೆ ಕೃಷ್ಣಾ ನದಿ, ಶ್ರೀಶೈಲದ ಅಣೆಕಟ್ಟು. ಅದನ್ನು ದಾಟಿ ಮತ್ತೆ ಏರಬೇಕು.

ಈ ಕಾಡಿನ ದಾರಿ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆ ತನಕ ಬಂದ್. ಪ್ರಾಣಿಗಳು ಓಡಾಡುವ ಹೊತ್ತು ಅದು. ತಡವಾಗಿ ಹೋದರೆ ಗೇಟಿನ ಬಳಿಯೇ ರಾತ್ರಿ ಕಳೆಯಬೇಕು.

ಬಯಲಿನಲ್ಲಿ ಮಳೆ ಬಂದರೆ ಹೋಟೆಲಿನಲ್ಲಿ ನಿಲ್ಲಬಹುದು. ಘಟ್ಟದಲ್ಲಿ ಹಾಗಲ್ಲ. ಅದಕ್ಕೆ ಕಾಲ ನೋಡಬೇಕು.

2. ಗುಡ್ಡ ಅಂದರೆ ತಂಪೇ?

ತುಂಬಾ ಜನ ಹೀಗೆ ತಿಳಿಯುತ್ತಾರೆ: "ಬ್ಯಾಸಗ್ಯಾಗ ಗುಡ್ಡಕ್ಕ ಹೋದರ ತಂಪು ಸಿಗ್ತದ."

ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ಹೋದರೆ ಸುಮಾರು 6 ಡಿಗ್ರಿ ಸೆಕೆ ಕಡಿಮೆ ಆಗುತ್ತದೆ. ಇದು ನಿಜ. ಆದರೆ ಶ್ರೀಶೈಲದ ಎತ್ತರ ಸುಮಾರು 450 ಮೀಟರ್ ಮಾತ್ರ. ನಮ್ಮ ಜಹೀರಾಬಾದ್ 600 ಮೀಟರಿಗೂ ಮೇಲಿದೆ! ಅಂದರೆ ನಾವು ಎತ್ತರದ ಊರಿನಿಂದ ತಗ್ಗಿನ ಊರಿಗೆ ಹೋಗುತ್ತೇವೆ. ನಡುವೆ ಘಟ್ಟ ಹತ್ತಿ ಇಳಿಯುತ್ತೇವೆ, ಅಷ್ಟೇ.

ಅದಕ್ಕೆ ಮೇ ತಿಂಗಳಲ್ಲಿ ಶ್ರೀಶೈಲಕ್ಕೆ ಹೋದರೆ ತಂಪು ಸಿಗುವುದಿಲ್ಲ. ಕಲ್ಲು ಕಾದಿರುತ್ತದೆ. ಎಲೆ ಉದುರಿ ಕಾಡು ಬೋಳಾಗಿರುತ್ತದೆ. ನೆರಳೂ ಇರುವುದಿಲ್ಲ.

3. ಮೂರು ಕಾಲ, ಮೂರು ಗುಣ

ಬೇಸಿಗೆ (ಮಾರ್ಚ್‌ನಿಂದ ಜೂನ್ ಆರಂಭದ ತನಕ)

ಒಳ್ಳೆಯದು ಏನು? ರಸ್ತೆ ಒಣಗಿರುತ್ತದೆ. ಹಗಲು ಉದ್ದ. ಹೊಲದಲ್ಲಿ ಕೆಲಸ ಕಡಿಮೆ. ಮಕ್ಕಳಿಗೆ ಶಾಲೆಯ ರಜೆ.

ಕೆಟ್ಟದ್ದು ಏನು? ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ತೆಲಂಗಾಣದಲ್ಲಿ ಸೆಕೆ 40 ಡಿಗ್ರಿ ದಾಟುತ್ತದೆ. ಗಾಡಿಯ ಮೇಲೆ ಗಾಳಿ ಬಡಿಯುತ್ತದೆ. ಬೆವರು ಬಂದ ಕೂಡಲೇ ಆರಿಹೋಗುತ್ತದೆ. ಬೆವರು ಕಾಣದ ಕಾರಣ "ನನಗೇನೂ ಆಗಿಲ್ಲ" ಅನಿಸುತ್ತದೆ. ಒಳಗೆ ಮೈಯ ನೀರು ಖಾಲಿ ಆಗುತ್ತಿರುತ್ತದೆ. ಮೊದಲು ತಲೆನೋವು ಬರುತ್ತದೆ. ಆಮೇಲೆ ಕಣ್ಣು ಮಂಜು, ವಾಂತಿ, ತಲೆಸುತ್ತು. ಹ್ಯಾಂಡಲ್ ಹಿಡಿದವನಿಗೆ ತಲೆ ಸುತ್ತಿದರೆ ಹಿಂದೆ ಕೂತವರ ಗತಿ ಏನು?

ಯುಗಾದಿಗೇ ಹೋಗಬೇಕು ಎಂಬ ಹರಕೆ ಇದ್ದರೆ ಹೀಗೆ ಮಾಡಿ. ಬೆಳಕು ಹರಿಯುತ್ತಲೇ ಹೊರಡಿ. 11 ಗಂಟೆಗೆ ನಿಲ್ಲಿಸಿ. ಸಂಜೆ 4ರ ತನಕ ನೆರಳಿನಲ್ಲಿ ಇರಿ. ಒಂದು ಲೀಟರ್ ಶುದ್ಧ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಹಾಕಿ ಕಲಸಿ ಇಟ್ಟುಕೊಳ್ಳಿ. ಬಾಯಾರಿಕೆ ಆಗುವ ಮೊದಲೇ ಗುಟುಕು ಗುಟುಕಾಗಿ ಕುಡಿಯಿರಿ.

ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಒಮ್ಮೆಲೇ ಗಾಳಿ, ಸಿಡಿಲು, ಆಲಿಕಲ್ಲು ಬರುತ್ತವೆ. ಮೋಡ ಕಪ್ಪಾದರೆ ಮರದ ಕೆಳಗೆ ನಿಲ್ಲಬೇಡಿ. ಗಟ್ಟಿ ಕಟ್ಟಡದೊಳಗೆ ಹೋಗಿ.

ಮಳೆಗಾಲ (ಜೂನ್‌ನಿಂದ ಸೆಪ್ಟೆಂಬರ್ ತನಕ)

ಒಳ್ಳೆಯದು ಏನು? ಗುಡ್ಡ ಹಸಿರು. ಹಳ್ಳ ತುಂಬಿ ಹರಿಯುತ್ತದೆ. ಶ್ರೀಶೈಲ ಅಣೆಕಟ್ಟಿನ ಬಾಗಿಲು ತೆರೆದರೆ ನೋಡಲು ಎರಡು ಕಣ್ಣು ಸಾಲದು.

ಕೆಟ್ಟದ್ದು ಏನು? ರಸ್ತೆ ಜಾರುತ್ತದೆ. ಅದರಲ್ಲಿಯೂ ಮೊದಲ ಮಳೆ ಬಹಳ ಅಪಾಯ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಲಾರಿ, ಟ್ರಾಕ್ಟರಿನ ಎಣ್ಣೆ ಬಿದ್ದಿರುತ್ತದೆ. ಮೇಲೆ ಧೂಳು ಕೂತಿರುತ್ತದೆ. ನಾಲ್ಕು ಹನಿ ಬಿದ್ದರೆ ಅದೆಲ್ಲ ಕಲಸಿ ಸಾಬೂನಿನ ಹಾಗೆ ಆಗುತ್ತದೆ. ಜೋರು ಮಳೆ ಬಂದು ತೊಳೆದುಹೋದ ಮೇಲೆ ಜಾರುವುದು ಸ್ವಲ್ಪ ಕಡಿಮೆ. "ನಾಲ್ಕು ಹನಿ ತಾನೆ" ಎನ್ನುವವರೇ ಹೆಚ್ಚು ಬೀಳುತ್ತಾರೆ.

ಒಣ ರಸ್ತೆಯಲ್ಲಿ ಬ್ರೇಕ್ ಹಿಡಿದರೆ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆಯೋ, ಹಸಿ ರಸ್ತೆಯಲ್ಲಿ ಅದರ ಸುಮಾರು ಎರಡು ಪಟ್ಟು ದೂರ ಬೇಕು. ಘಟ್ಟದ ತಿರುವಿನಲ್ಲಿ ಅಷ್ಟು ಜಾಗ ಎಲ್ಲಿದೆ?

ಅಣೆಕಟ್ಟಿನ ಬಾಗಿಲು ತೆರೆದ ದಿನ ಜನ, ಕಾರು ಮುಗಿಬೀಳುತ್ತವೆ. ಇಕ್ಕಟ್ಟಿನ ದಾರಿಯಲ್ಲಿ ಗಂಟೆಗಟ್ಟಲೆ ಗಾಡಿ ನಿಲ್ಲುತ್ತವೆ. ಹಾಗೆ ನಿಂತಾಗ ಕತ್ತಲಾದರೆ ಕಷ್ಟ.

ಚಳಿಗಾಲ (ನವೆಂಬರ್‌ನಿಂದ ಫೆಬ್ರವರಿ ತನಕ)

ಒಳ್ಳೆಯದು ಏನು? ರಸ್ತೆ ಒಣಗಿರುತ್ತದೆ. ಮಳೆಯ ನೀರು ಕುಡಿದ ಕಾಡು ಇನ್ನೂ ಹಸಿರು ಇರುತ್ತದೆ. ಹಗಲು ಹಿತವಾದ ಬಿಸಿಲು.

ಕೆಟ್ಟದ್ದು ಏನು? ಬೆಳಗಿನ ಮಂಜು ಮತ್ತು ಚಳಿ. ನಮ್ಮ ಕೊಹೀರದ ಹೆಸರು ಚಳಿಗಾಲದಲ್ಲಿ ಪೇಪರಿನಲ್ಲಿ ಬರುವುದನ್ನು ನೀವು ನೋಡಿರಬಹುದು. ರಾಜ್ಯದ ಅತಿ ಚಳಿಯ ಊರುಗಳಲ್ಲಿ ಅದೂ ಒಂದು. ಇಂಥ ಚಳಿಯಲ್ಲಿ ನಸುಕಿನಲ್ಲಿ ಗಾಡಿ ಹೊಡೆದರೆ ಬೆರಳು ಮರಗಟ್ಟುತ್ತವೆ. ಮರಗಟ್ಟಿದ ಬೆರಳು ಬ್ರೇಕನ್ನು ಬೇಗ ಹಿಡಿಯುವುದಿಲ್ಲ. ಕೈಗೆ ಗವಸು ಹಾಕಿ. ಅಂಗಿಯ ಒಳಗೆ ಎದೆಯ ಮೇಲೆ ಹಳೆಯ ಪೇಪರ್ ಮಡಚಿ ಇಟ್ಟುಕೊಂಡರೆ ಗಾಳಿ ಒಳಗೆ ಹೋಗುವುದಿಲ್ಲ. ಖರ್ಚಿಲ್ಲದ ಉಪಾಯ.

ಹಗಲು ಸಣ್ಣದು. ಡಿಸೆಂಬರಿನಲ್ಲಿ ಸಂಜೆ 6ರ ಒಳಗೆ ಹೊತ್ತು ಮುಳುಗುತ್ತದೆ. ಜಹೀರಾಬಾದ್ ಕಡೆ ಇದು ಕಬ್ಬು ಸಾಗಿಸುವ ಕಾಲ. ಹಿಂದೆ ದೀಪ ಇಲ್ಲದ ಟ್ರಾಲಿಗಳು ಕತ್ತಲಲ್ಲಿ ಕಾಣುವುದಿಲ್ಲ. ಅದಕ್ಕೆ ಹೊತ್ತು ಮೂಡಿದ ಮೇಲೆ ಹೊರಡಿ. ಹೊತ್ತು ಮುಳುಗುವ ಮೊದಲು ಊರು ಸೇರಿ.

4. ನನಗೆ ಆದದ್ದು

ನಾನು ಇದನ್ನೆಲ್ಲ ಪುಸ್ತಕ ಓದಿ ಹೇಳುತ್ತಿಲ್ಲ. ನನಗೆ ಆದದ್ದನ್ನು ಹೇಳುತ್ತೇನೆ, ಕೇಳಿ.

ಕೆಲವು ವರ್ಷಗಳ ಹಿಂದೆ ಆಷಾಢ ಏಕಾದಶಿಯ ದಿನ. ಅವ್ವನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಅನಂತಗಿರಿಗೆ ಹೋಗಿದ್ದೆ. ವಿಕಾರಾಬಾದ್ ಪಕ್ಕದ ಅನಂತಗಿರಿ ನಿಮಗೆಲ್ಲ ಗೊತ್ತು. ಅನಂತಪದ್ಮನಾಭ ಸ್ವಾಮಿಯ ಗುಡಿ ಅಲ್ಲಿದೆ. ಹೈದರಾಬಾದಿನಲ್ಲಿ ಹರಿಯುವ ಮೂಸಿ ನದಿ ಹುಟ್ಟುವುದೂ ಅದೇ ಗುಡ್ಡದಲ್ಲಿ.

ದರ್ಶನ ಆಯಿತು. ಇಳಿಯುವಾಗ ಸಣ್ಣ ಮಳೆ ಹಿಡಿಯಿತು. ಅವ್ವ ಹೇಳಿದಳು, "ತಮ್ಮಾ, ಸ್ವಲ್ಪ ನಿಂದ್ರು. ಮಳಿ ಹೋಗಲಿ." ನಾನು ಕೇಳಲಿಲ್ಲ. ಇಳಿಜಾರು ತಾನೆ ಅಂತ ಇಂಜಿನ್ ಬಂದ್ ಮಾಡಿದೆ. ನ್ಯೂಟ್ರಲ್ ಹಾಕಿ ಗಾಡಿಯನ್ನು ಹಾಗೇ ಬಿಟ್ಟೆ. ಪೆಟ್ರೋಲ್ ಉಳಿಯುತ್ತದೆ ಎಂಬ ಆಸೆ.

ತಿರುವು ಬಂತು. ವೇಗ ಹೆಚ್ಚಾಗಿತ್ತು. ಗಾಬರಿಯಲ್ಲಿ ಮುಂದಿನ ಬ್ರೇಕ್ ಒಂದನ್ನೇ ಗಟ್ಟಿ ಹಿಡಿದೆ. ರಸ್ತೆಯ ಮೇಲೆ ಹಸಿ ಎಲೆ ಬಿದ್ದಿದ್ದವು. ಮುಂದಿನ ಗಾಲಿ ಜಾರಿತು. ಇಬ್ಬರೂ ಬಿದ್ದೆವು.

ನನಗೆ ಮೊಣಕಾಲು ಕೆತ್ತಿತು, ಅಷ್ಟೇ. ಅವ್ವ ಕೈ ಊರಿ ಬಿದ್ದಿದ್ದಳು. ಮಣಿಕಟ್ಟಿನ ಎಲುಬು ಮುರಿಯಿತು. ಆರು ವಾರ ಪಟ್ಟಿ. ಆ ವರ್ಷ ಕಳೆ ತೆಗೆಯಲು ಅವ್ವ ಹೋಗಲಿಲ್ಲ. ಆ ಹಂಗಾಮಿನ ಕೂಲಿ ಪೂರ್ತಿ ಹೋಯಿತು. ರೊಟ್ಟಿ ಬಡಿಯುವ ಕೈ ಅದು. ಇಂದಿಗೂ ಥಂಡಿ ಬಂದರೆ ನೋಯುತ್ತದೆ. ಆ ಇಳಿಜಾರಿನಲ್ಲಿ ನಾನು ಉಳಿಸಿದ ಪೆಟ್ರೋಲ್ ಹತ್ತು ರೂಪಾಯಿಯದೂ ಇರಲಿಕ್ಕಿಲ್ಲ.

ಮರುವಾರ ಅದೇ ಜಾಗಕ್ಕೆ ಹೋಗಿ ನೋಡಿದೆ. ತಿರುವಿಗೆ ಮೊದಲೇ ಒಂದು ಫಲಕ ಇತ್ತು. ಕೆಂಪು ಅಂಚಿನ ತ್ರಿಕೋನ. ಒಳಗೆ ಬಾಗಿದ ಬಾಣ. ನಾನು ಬಿ.ಎ. ಓದಿದವನು, ನಿಮಗೆ ಅಕ್ಷರ ಕಲಿಸುವವನು. ಆ ದಿನ ಆ ಫಲಕವನ್ನು ನಾನು ಓದಲಿಲ್ಲ.

ಅವ್ವನಿಗೆ ಓದು ಬರುವುದಿಲ್ಲ. ಆದರೆ ಮೋಡ ಓದಲು ಬರುತ್ತಿತ್ತು.

5. ಫಲಕ ಓದುವುದು ಹೇಗೆ?

ನಮ್ಮ ಕಡೆ ರಸ್ತೆಯ ಫಲಕ ತೆಲುಗಿನಲ್ಲಿ ಇರುತ್ತವೆ, ಇಂಗ್ಲಿಷಿನಲ್ಲಿ ಇರುತ್ತವೆ. "ನಾನು ಕಲಿತದ್ದು ಕನ್ನಡ. ಹ್ಯಾಂಗ ಓದಲಿ?" ಎಂದು ಹೆದರಬೇಡಿ. ಫಲಕದ ಆಕಾರವೇ ಅರ್ಧ ಮಾತು ಹೇಳುತ್ತದೆ. ಭಾಷೆ ಬದಲಾದರೂ ಆಕಾರ ಬದಲಾಗುವುದಿಲ್ಲ.

ತ್ರಿಕೋನ – ಎಚ್ಚರಿಕೆ. ಮುಂದೆ ಅಪಾಯ ಇದೆ, ನಿಧಾನ ಮಾಡು.

ವೃತ್ತ – ಆಜ್ಞೆ. ಹೇಳಿದ ಹಾಗೆ ಕೇಳಲೇಬೇಕು. ಕೆಂಪು ವೃತ್ತದಲ್ಲಿ 40 ಎಂದು ಇದ್ದರೆ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು ಹೋಗಬಾರದು.

ಚೌಕ ಅಥವಾ ಆಯತ – ಮಾಹಿತಿ. ಆಸ್ಪತ್ರೆ, ಪೆಟ್ರೋಲ್ ಬಂಕ್, ಊರಿನ ದೂರ.

ಘಟ್ಟದಲ್ಲಿ ಮುಖ್ಯವಾಗಿ ತ್ರಿಕೋನ ನೋಡಿ. ಬಾಗಿದ ಬಾಣ ಇದ್ದರೆ ತಿರುವು. ಗಾಡಿಯ ಹಿಂದೆ ಹಾವಿನಂತೆ ಗೆರೆ ಇದ್ದರೆ ಜಾರುವ ರಸ್ತೆ. ಗುಡ್ಡದಿಂದ ಕಲ್ಲು ಬೀಳುವ ಚಿತ್ರ ಇದ್ದರೆ ಅಲ್ಲಿ ನಿಂತು ಫೋಟೋ ತೆಗೆಯಬೇಡಿ.

6. ಮಳೆಯ ನಕ್ಷತ್ರ, ಇಂಗ್ಲಿಷ್ ತಿಂಗಳು

ನಮ್ಮ ರೈತರಿಗೆ ಮಳೆಯ ನಕ್ಷತ್ರ ಗೊತ್ತು. ಒಂದೊಂದು ನಕ್ಷತ್ರ 13 ಅಥವಾ 14 ದಿನ. ಅದನ್ನು ಕ್ಯಾಲೆಂಡರಿನ ಜೊತೆ ಹೊಂದಿಸಿ ನೋಡೋಣ.

ಮೃಗಶಿರ – ಜೂನ್ ಮೊದಲ ವಾರದ ಕೊನೆಗೆ ಆರಂಭ. ಮೊದಲ ಮಳೆ, ಜಾರುವ ರಸ್ತೆ. ಹೋಗಬೇಡಿ.

ಆರಿದ್ರಾದಿಂದ ಮಘಾ ತನಕ – ಜೂನ್ 21ರ ಸುಮಾರಿಗೆ ಹಿಡಿದು ಆಗಸ್ಟ್ ಕೊನೆ ತನಕ. ಜಡಿಮಳೆ. ಹೋಗಬೇಡಿ. ಹೊಲವೂ ಕರೆಯುತ್ತಿರುತ್ತದೆ.

ಹುಬ್ಬಾ, ಉತ್ತರಾ, ಹಸ್ತಾ – ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ವಾರ. ಮಳೆ ಬಿಟ್ಟು ಬಿಟ್ಟು ಬರುತ್ತದೆ. ನಂಬುವ ಹಾಗಿಲ್ಲ.

ಚಿತ್ತಾ, ಸ್ವಾತಿ – ಅಕ್ಟೋಬರ್ 10ರ ಸುಮಾರಿನಿಂದ ನವೆಂಬರ್ ಮೊದಲ ವಾರ. ಮಳೆಗಾಲ ಹಿಂದೆ ಸರಿಯುವ ಹೊತ್ತು. ಆದರೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲವೂ ಇದೇ. 2020ರ ಅಕ್ಟೋಬರ್ ಮಧ್ಯದಲ್ಲಿ ಹೈದರಾಬಾದಿನಲ್ಲಿ ಪ್ರವಾಹವೇ ಬಂತು. 2025ರ ಅಕ್ಟೋಬರ್ ಕೊನೆಗೆ ಮೊಂಥಾ ಚಂಡಮಾರುತ ಬಂದು ತೆಲಂಗಾಣದಲ್ಲಿ ಜೋರು ಮಳೆ ಸುರಿಯಿತು. ಅದಕ್ಕೆ ಈ ತಿಂಗಳಲ್ಲಿ ಹೋಗುವವರು ಹಿಂದಿನ ದಿನ ರೇಡಿಯೋ, ಟಿವಿ, ಪೇಪರಿನ ಹವಾಮಾನ ಸುದ್ದಿ ನೋಡಲೇಬೇಕು. "ಹಳದಿ", "ಕಿತ್ತಳೆ", "ಕೆಂಪು" ಎಚ್ಚರಿಕೆ ಎಂದು ಹೇಳುತ್ತಾರೆ. ಕಿತ್ತಳೆ ಅಥವಾ ಕೆಂಪು ಎಂದರೆ ಹರಕೆ ಮುಂದೂಡಿ. ಮಲ್ಲಯ್ಯ ಸಿಟ್ಟಾಗುವುದಿಲ್ಲ.

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆ – ಒಳ್ಳೆಯ ಕಾಲ.

7. ಹೊಲ, ಹಬ್ಬ, ಹವಾ – ಮೂರನ್ನೂ ಕೂಡಿಸಿ

ಒಳ್ಳೆಯ ಕಾಲ ಸಿಕ್ಕಿತು. ಆದರೆ ಅದರಲ್ಲಿಯೂ ಯಾವ ವಾರ?

ಮೊದಲು ಹೊಲ ನೋಡಿ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹೆಸರು ದೊಡ್ಡದಾಯಿತು, ಕೊಯ್ಲಿನ ಕೆಲಸ ಅಷ್ಟೇ ಇದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ಕೊಯ್ದು ರಾಶಿ ಮಾಡಬೇಕು. ಆಗ ಹೊರಟರೆ ಮನಸ್ಸು ಹೊಲದಲ್ಲಿ, ಕೈ ಹ್ಯಾಂಡಲ್ ಮೇಲೆ.

ಆಮೇಲೆ ಹಬ್ಬ ನೋಡಿ. ಕಾರ್ತಿಕ ಮಾಸದಲ್ಲಿ, ಅದರಲ್ಲಿಯೂ ಸೋಮವಾರ, ಶ್ರೀಶೈಲದಲ್ಲಿ ಬಹಳ ಜನ. ಶಿವರಾತ್ರಿಗೆ ಕಾಲಿಡಲು ಜಾಗ ಇಲ್ಲ. ಘಟ್ಟದಲ್ಲಿ ಬಸ್ಸು, ಜೀಪು, ನಡೆದು ಹೋಗುವ ಭಕ್ತರು ಎಲ್ಲ ಒಂದೇ ದಾರಿಯಲ್ಲಿ. ರಾತ್ರಿ ನಿದ್ದೆಗೆಟ್ಟು ಜಾಗರಣೆ ಮಾಡಿ, ಮರುದಿನವೇ ಗಾಡಿ ಹೊಡೆಯುವುದು ದೊಡ್ಡ ಅಪಾಯ. ನಿದ್ದೆಗಣ್ಣು ಮತ್ತು ಕುಡಿದ ಕಣ್ಣು, ಎರಡೂ ದಾರಿ ತಪ್ಪಿಸುತ್ತವೆ.

ಎಲ್ಲ ಕೂಡಿಸಿದರೆ ಎರಡು ಸಮಯ ಉಳಿಯುತ್ತವೆ.

ಒಂದು: ಕಾರ್ತಿಕ ಮುಗಿದು ತೊಗರಿ ಕೊಯ್ಲು ಶುರು ಆಗುವ ಮೊದಲು.

ಎರಡು: ಸಂಕ್ರಾಂತಿ ಆದ ಮೇಲೆ, ರಾಶಿ ಮುಗಿದು ಶಿವರಾತ್ರಿಯ ಜನ ಸೇರುವ ಮೊದಲು. ಅಂದರೆ ಜನವರಿ ಕೊನೆ, ಫೆಬ್ರವರಿ ಆರಂಭ.

ನನ್ನನ್ನು ಕೇಳಿದರೆ ಎರಡನೆಯದೇ ಛಲೋ. ಚಂಡಮಾರುತದ ಭಯ ಇಲ್ಲ. ಚಳಿ ಇಳಿಯುತ್ತಾ ಇರುತ್ತದೆ. ಹಗಲು ಉದ್ದ ಆಗುತ್ತಾ ಇರುತ್ತದೆ. ಕೈಯಲ್ಲಿ ತೊಗರಿಯ ನಾಲ್ಕು ಕಾಸೂ ಇರುತ್ತದೆ.

8. ಎಲ್ಲ ಗುಡ್ಡಕ್ಕೂ ಒಂದೇ ಕಾಲವೇ?

ಇಲ್ಲ. ಇದು ಮುಖ್ಯ ಮಾತು.

ಕರ್ನಾಟಕದ ಮಲೆನಾಡು ನೋಡಿ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ. ಕರ್ನಾಟಕದಲ್ಲಿ ಅದೇ ಎತ್ತರದ ಶಿಖರ. ಅಲ್ಲಿ ಬೇಸಿಗೆಯಲ್ಲಿಯೂ ನಮ್ಮಷ್ಟು ಸೆಕೆ ಇಲ್ಲ. ಆದರೆ ಪಶ್ಚಿಮ ಘಟ್ಟದ ಮಳೆ ಬೇರೆಯೇ. 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆ ಬದಿಯ ಚಹಾ ಅಂಗಡಿ, ನಿಂತಿದ್ದ ಲಾರಿ ಗಂಗಾವಳಿ ನದಿ ಪಾಲಾದವು. ಜನ ಸತ್ತರು. ಅವರು ವೇಗವಾಗಿ ಹೋದವರಲ್ಲ. ಅದಕ್ಕೆ ಜಡಿಮಳೆಯಲ್ಲಿ ಆ ಕಡೆ ಹೋಗಬಾರದು.

ಈಗ ಹಿಮಾಲಯ ನೋಡಿ. ನಮ್ಮ ಹುಡುಗರು ಫೋನಿನಲ್ಲಿ ಲಡಾಖಿನ ಚಿತ್ರ ನೋಡಿ "ಹೋಗೋಣ" ಎನ್ನುತ್ತಾರೆ. ಅಲ್ಲಿ ನಮ್ಮ ಲೆಕ್ಕ ಉಲ್ಟಾ. ಚಳಿಗಾಲದಲ್ಲಿ ಮನಾಲಿ–ಲೇಹ್ ದಾರಿ ಹಿಮದಲ್ಲಿ ಮುಚ್ಚಿಹೋಗುತ್ತದೆ. 2020ರ ಅಕ್ಟೋಬರಿನಲ್ಲಿ ಅಟಲ್ ಸುರಂಗ ಆರಂಭವಾಗಿ ರೋಹ್ತಾಂಗ್ ಕಣಿವೆಯ ಕಷ್ಟ ತಪ್ಪಿತು. ಆದರೂ ಮುಂದಿನ ಎತ್ತರದ ಕಣಿವೆಗಳು ಹಿಮ ಕರಗಿದ ಮೇಲೆಯೇ ತೆರೆಯುತ್ತವೆ. ಅಲ್ಲಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಲ. ಖರ್ದುಂಗ್ ಲಾ ಎಂಬ ಕಣಿವೆ 5,300 ಮೀಟರಿಗೂ ಎತ್ತರ. ಅಲ್ಲಿ ಗಾಳಿ ತೆಳು. ಮನುಷ್ಯನಿಗೂ ಉಸಿರು ಸಾಲದು, ಗಾಡಿಗೂ ಸಾಲದು.

ಅದಕ್ಕೆ "ಯಾವ ತಿಂಗಳು ಛಲೋ?" ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: "ಆ ದಾರಿ ಯಾಕೆ ಕೆಡುತ್ತದೆ?" ನೀರಿನಿಂದ ಕೆಡುತ್ತದೋ, ಹಿಮದಿಂದ ಕೆಡುತ್ತದೋ, ಬಿಸಿಲಿನಿಂದ ಕಷ್ಟವೋ, ಕತ್ತಲೆಯಿಂದ ಕಷ್ಟವೋ? ಅದು ತಿಳಿದರೆ ತಿಂಗಳು ತಾನೇ ತಿಳಿಯುತ್ತದೆ.

9. ಘಟ್ಟದಲ್ಲಿ ಗಾಡಿ ಹೇಗೆ ಹೊಡೆಯಬೇಕು?

* ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಬೇಡಿ. ನ್ಯೂಟ್ರಲ್ ಹಾಕಬೇಡಿ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿಯಿರಿ. ಇಂಜಿನ್ ತಾನೇ ಗಾಡಿಯನ್ನು ಹಿಡಿಯುತ್ತದೆ. ಬ್ರೇಕ್ ಕಾಯುವುದಿಲ್ಲ.
* ಎರಡೂ ಬ್ರೇಕ್ ಕೂಡಿಸಿ, ಮೆಲ್ಲಗೆ ಹಿಡಿಯಿರಿ. ತಿರುವಿಗೆ ಮೊದಲೇ ವೇಗ ಇಳಿಸಿ. ತಿರುವಿನ ನಡುವೆ ಬ್ರೇಕ್ ಹಿಡಿದರೆ ಜಾರುತ್ತದೆ.
* ಇಕ್ಕಟ್ಟಿನ ಜಾಗದಲ್ಲಿ ಏರಿ ಬರುವ ವಾಹನಕ್ಕೆ ಮೊದಲು ದಾರಿ ಬಿಡಿ.
* ತಿರುವಿನಲ್ಲಿ ಯಾರನ್ನೂ ಹಿಂದೆ ಹಾಕಬೇಡಿ.
* ಹೆಲ್ಮೆಟ್ ಇಬ್ಬರಿಗೂ ಬೇಕು. ಹಿಂದೆ ಕೂತವರ ತಲೆಯೂ ತಲೆಯೇ. ಗದ್ದದ ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ಮೊದಲು ಹಾರಿಹೋಗುತ್ತದೆ.
* ಒಂದು ಗಾಡಿಗೆ ಇಬ್ಬರೇ. ಸೀರೆಯ ಸೆರಗು, ಓಢಣಿ ಗಾಲಿಗೆ ಸಿಕ್ಕದ ಹಾಗೆ ಕಟ್ಟಿಕೊಳ್ಳಿ.
* ಕಾಡಿನಲ್ಲಿ ಮಂಗಗಳಿಗೆ ತಿನಿಸು ಹಾಕಬೇಡಿ. ತಿನಿಸಿಗೆ ರಸ್ತೆಗೆ ಬರುತ್ತವೆ, ಗಾಡಿಗೆ ಸಿಕ್ಕು ಸಾಯುತ್ತವೆ. ನೀವೂ ಬೀಳುತ್ತೀರಿ.
* ಕಾಡು ಸೇರುವ ಮೊದಲೇ ಪೆಟ್ರೋಲ್ ತುಂಬಿಸಿ. ಮನೆಗೆ ಫೋನ್ ಮಾಡಿ ಹೇಳಿ. ಒಳಗೆ ಎಲ್ಲ ಕಡೆ ಸಿಗ್ನಲ್ ಸಿಗುವುದಿಲ್ಲ.

10. ಹೊರಡುವ ಮುನ್ನ

ಒಂದು ಚೀಟಿಯಲ್ಲಿ ಬರೆದು ಗುರುತು ಹಾಕುತ್ತಾ ಹೋಗಿ. ಬರೆಯಲು ಕಲಿತದ್ದು ಇದಕ್ಕೇ ಅಲ್ಲವೇ?

ಲೈಸೆನ್ಸ್ – ಆರ್.ಸಿ. – ವಿಮೆ – ಹೊಗೆ ತಪಾಸಣೆಯ ಚೀಟಿ – ಟೈರಿನ ಗೀರು ಮತ್ತು ಗಾಳಿ – ಎರಡೂ ಬ್ರೇಕ್ – ಮುಂದಿನ, ಹಿಂದಿನ ದೀಪ – ಚೈನ್ – ನೀರಿನ ಬಾಟಲಿ – ಉಪ್ಪು ಸಕ್ಕರೆ – ರೊಟ್ಟಿ, ಹಿಂಡಿ – ಬ್ಯಾಟರಿ – ಮನೆಯವರ ಫೋನ್ ನಂಬರ್ ಬರೆದ ಕಾಗದ, ಅಂಗಿಯ ಕಿಸೆಯಲ್ಲಿ.

ಎರಡು ನಂಬರ್ ಬಾಯಿಪಾಠ ಮಾಡಿ: ಆಂಬುಲೆನ್ಸಿಗೆ 108. ಯಾವುದೇ ತುರ್ತಿಗೆ 112.

ಮೊದಲ ಸಲವೇ ಶ್ರೀಶೈಲದ ಘಟ್ಟಕ್ಕೆ ಹೋಗಬೇಡಿ. ಚಳಿಗಾಲದ ಒಂದು ಹಗಲು ಅನಂತಗಿರಿಗೆ ಹೋಗಿ ಏರಿ ಇಳಿದು ಕೈ ಪಳಗಿಸಿಕೊಳ್ಳಿ. ಶ್ರೀಶೈಲಕ್ಕೆ ಒಂದೇ ದಿನದಲ್ಲಿ ಹೋಗುವ ಹಟ ಬೇಡ. ಮನ್ನನೂರಿಗೆ ಮೊದಲೇ ಯಾವುದಾದರೂ ಊರಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಕಾಡು ದಾಟಿ.

ಇನ್ನೂ ಒಂದು ಮಾತು. ವಯಸ್ಸಾದವರು, ಬಸುರಿಯರು, ಸಣ್ಣ ಮಕ್ಕಳು ಇದ್ದರೆ ಬಸ್ಸಿಗೆ ಹೋಗಿ. ಹೈದರಾಬಾದಿನಿಂದ ಶ್ರೀಶೈಲಕ್ಕೆ ಬಸ್ಸುಗಳಿವೆ. ನಾನು ಅವ್ವನನ್ನು ಮಾಘದಲ್ಲಿ ಬಸ್ಸಿನಲ್ಲಿಯೇ ಕರೆದುಕೊಂಡು ಹೋದೆ. ಕಿಟಕಿಯ ಪಕ್ಕ ಕೂತು ಕಾಡು ನೋಡುತ್ತಾ ಬಂದಳು. ಪ್ರತಿ ತಿರುವಿನಲ್ಲಿಯೂ ಕೇಳುತ್ತಿದ್ದಳು, "ತಮ್ಮಾ, ಆ ಫಲಕದಾಗ ಏನದ?" ನಾನು ಒಂದೊಂದನ್ನೂ ಓದಿ ಹೇಳಿದೆ.

ಹೊಸ ಪದಗಳು

ಘಟ್ಟ – ಗುಡ್ಡ ಹತ್ತಿ ಇಳಿಯುವ ತಿರುವಿನ ದಾರಿ
ಕಣಿವೆ – ಎರಡು ಗುಡ್ಡಗಳ ನಡುವಿನ ದಾರಿ
ಸಂರಕ್ಷಿತ – ಕಾಪಾಡಿದ
ಚಂಡಮಾರುತ – ಸಮುದ್ರದಲ್ಲಿ ಹುಟ್ಟುವ ದೊಡ್ಡ ಬಿರುಗಾಳಿ
ತ್ರಿಕೋನ – ಮೂರು ಮೂಲೆಯ ಆಕಾರ
ಮುಂದೂಡು – ಇನ್ನೊಂದು ದಿನಕ್ಕೆ ಇಡು

ಉತ್ತರ ಬರೆಯಿರಿ

1. ಮೊದಲ ಮಳೆಯಲ್ಲಿ ರಸ್ತೆ ಹೆಚ್ಚು ಜಾರುವುದು ಏಕೆ?
2. ಮನ್ನನೂರಿನ ಕಾಡಿನ ದಾರಿ ಯಾವ ಹೊತ್ತಿನಲ್ಲಿ ಬಂದ್ ಇರುತ್ತದೆ?
3. ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿದರೆ ಏನಾಗುತ್ತದೆ?
4. ಲಡಾಖಿಗೂ ಶ್ರೀಶೈಲಕ್ಕೂ ಒಳ್ಳೆಯ ಕಾಲ ಬೇರೆ ಬೇರೆ. ಏಕೆ?

ಬಿಟ್ಟ ಜಾಗ ತುಂಬಿ

1. ತ್ರಿಕೋನದ ಫಲಕ ಎಂದರೆ ________.
2. ಮೂಸಿ ನದಿ ಹುಟ್ಟುವುದು ________ ಗುಡ್ಡದಲ್ಲಿ.
3. ಆಂಬುಲೆನ್ಸಿನ ನಂಬರ್ ________.

ಲೆಕ್ಕ ಮಾಡಿ

1. ಜಹೀರಾಬಾದಿನಿಂದ ಶ್ರೀಶೈಲಕ್ಕೆ ಹೋಗಿ ಬರಲು 640 ಕಿ.ಮೀ. ಗಾಡಿ ಒಂದು ಲೀಟರಿಗೆ 50 ಕಿ.ಮೀ. ಓಡುತ್ತದೆ. ಎಷ್ಟು ಲೀಟರ್ ಪೆಟ್ರೋಲ್ ಬೇಕು?
2. ಒಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಹೋದರೆ 320 ಕಿ.ಮೀ.ಗೆ ಎಷ್ಟು ಗಂಟೆ? ಊಟ, ವಿಶ್ರಾಂತಿಗೆ 2 ಗಂಟೆ ಕೂಡಿಸಿ. ಬೆಳಿಗ್ಗೆ 7ಕ್ಕೆ ಹೊರಟರೆ ಎಷ್ಟು ಹೊತ್ತಿಗೆ ಮುಟ್ಟುತ್ತೀರಿ?
3. ಮಳೆಯಲ್ಲಿ ಗಂಟೆಗೆ 25 ಕಿ.ಮೀ. ಮಾತ್ರ ಹೋಗಲು ಆಗುತ್ತದೆ. ಮನ್ನನೂರು 250 ಕಿ.ಮೀ. ಎಂದು ಇಟ್ಟುಕೊಳ್ಳಿ. ವಿಶ್ರಾಂತಿ 2 ಗಂಟೆ. ಬೆಳಿಗ್ಗೆ 7ಕ್ಕೆ ಹೊರಟರೆ ಕಾಡಿನ ಗೇಟಿಗೆ ಎಷ್ಟು ಹೊತ್ತಿಗೆ ಬರುತ್ತೀರಿ? ಆಗ ಬೆಳಕು ಇರುತ್ತದೆಯೇ?

(ಉತ್ತರ: 1. 12.8 ಲೀಟರ್, ಅಂದರೆ ಸುಮಾರು 13. 2. 8 ಗಂಟೆ, ವಿಶ್ರಾಂತಿ ಸೇರಿ 10, ಸಂಜೆ 5ಕ್ಕೆ. 3. ಸಂಜೆ 7ಕ್ಕೆ, ಕಾಡಿನ ದಾರಿಯೆಲ್ಲ ಕತ್ತಲೆಯಲ್ಲಿ.)

ನೀವೇ ಮಾಡಿ

ಮನೆಯ ಕ್ಯಾಲೆಂಡರ್ ತೆಗೆದುಕೊಳ್ಳಿ. ನಿಮ್ಮ ಹೊಲದ ಕೆಲಸದ ವಾರಗಳಿಗೆ ಹಸಿರು ಗುರುತು ಹಾಕಿ. ಮಳೆಯ ವಾರಗಳಿಗೆ ನೀಲಿ, ಹಬ್ಬದ ದಿನಗಳಿಗೆ ಕೆಂಪು. ಯಾವ ಗುರುತೂ ಇಲ್ಲದ ವಾರ ಯಾವುದು? ಅದೇ ನಿಮ್ಮ ಪ್ರಯಾಣದ ವಾರ. ಆ ತಾರೀಖು ಬರೆದುಕೊಂಡು ಬಂದು ಕೇಂದ್ರದಲ್ಲಿ ಎಲ್ಲರಿಗೂ ಓದಿ ಹೇಳಿ.